ಗೋಡೆಗೆ ಹೇಳಿದ ಮಾತು

ಕ್ಯಾಲನೂರು
ಸಂಕ್ರಾಂತಿ ಕಳೆದ ಶುಕ್ರವಾರ, 1983

ಗೌನಿಪಲ್ಲಿಯ ಅತ್ತೆಯವರಿಗೆ, ಅಳಿಯ ಚನ್ನರಾಯಪ್ಪ ತಲೆ ತಗ್ಗಿಸಿ ಬರೆಯುವುದೇನೆಂದರೆ,

ನಾವಿಲ್ಲಿ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಇವತ್ತು ಅದನ್ನು ಬಿಟ್ಟುಬಿಡುತ್ತೇನೆ. ನಿಮಗೆ ಹೇಳಿರುವ ಸುಳ್ಳೇ ಸಾಕಷ್ಟಿದೆ. ಈ ಕಾಗದವನ್ನು ನಿಮ್ಮ ಮಗಳು ಶಾಮಲ ತಂದು, ನಿಮ್ಮ ಪಕ್ಕದಲ್ಲಿ ಕೂತು ಓದುತ್ತಾಳೆ. ತಿಳಿಯದ ಕಡೆ ತೆಲುಗಿನಲ್ಲಿ ಬಿಡಿಸಿ ಹೇಳುತ್ತಾಳೆ. ನಡುವೆ ಅಳುತ್ತಾ ನಿಲ್ಲಿಸಿದರೆ ಗದರಿಸಿ, ಕೊನೆಯತನಕ ಓದಿಸಿ.

ನಿಮ್ಮ ಮಗಳನ್ನು ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ನೇರವಾಗಿ ಒಂದು ಮಾತು ಆಡಿದವರಲ್ಲ. ನಮ್ಮಲ್ಲಿ ಅತ್ತೆ ಅಳಿಯನ ಎದುರಿಗೆ ನಿಲ್ಲುವ ಹಾಗಿಲ್ಲ. ನಾನು ಜಗಲಿ ಹತ್ತಿದರೆ ನೀವು ಸೆರಗು ಹೊದ್ದು ಬಾಗಿಲ ಹಿಂದೆ ಸರಿಯುತ್ತೀರಿ. ಊಟಕ್ಕೆ ಏಳಬೇಕಂತೆ ಎಂದು ನೀವು ಗೋಡೆಗೆ ಹೇಳುತ್ತೀರಿ, ಸಾರು ಚೆನ್ನಾಗಿದೆ ಎಂದು ನಾನೂ ಗೋಡೆಗೇ ಹೇಳುತ್ತೇನೆ. ನಿಮ್ಮಿಬ್ಬರ ದೆಸೆಯಿಂದ ನಮ್ಮ ಗೋಡೆ ಎರಡು ಭಾಷೆ ಕಲಿತಿದೆ ಎಂದು ಶಾಮಲ ನಗುತ್ತಿದ್ದಳು. ನಾನೂ ನಕ್ಕವನೇ. ಅದು ನಿಮಗೆ ನಾನು ಕೊಡುವ ಮರ್ಯಾದೆ ಅಂದುಕೊಂಡಿದ್ದೆ.

ಹೋದ ವರ್ಷ ಮಾವಿನ ಸುಗ್ಗಿಯಲ್ಲಿ ಶಾಮಲ ನಿಮ್ಮ ಮನೆಯಲ್ಲಿ ಬಾಣಂತಿ. ಮಗು ನೋಡಲು ಬಂದಿದ್ದೆ. ಅಮ್ಮ ಹೊಟ್ಟೆ ಹಿಡ್ಕೊಂಡು ಕೂತ್ಕೋತಾಳೆ, ಕೇಳಿದ್ರೆ ಏನಿಲ್ಲ ಅಂತಾಳೆ, ಕೋಲಾರದಲ್ಲಿ ತೋರಿಸ್ಕೊಂಡು ಬನ್ನಿ ಎಂದಳು. ಅವಳು ಹೊಸಿಲು ದಾಟುವ ಹಾಗಿರಲಿಲ್ಲ. ನಿಮ್ಮ ಮಗ ಆಂಜಿನಪ್ಪ ಕಾಯಿ ಕೀಳಿಸಿ ಮಂಡಿಗೆ ಹೊಡೆಯುವ ಅವಸರದಲ್ಲಿದ್ದ. ಉಳಿದವನು ನಾನು. ಬಸ್ಸಿನಲ್ಲಿ ನೀವು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಕಟ್ಟಕಡೆಗೆ. ಇಳಿದ ಮೇಲೂ ನಾನು ಮುಂದೆ ಮುಂದೆ ನಡೆದೆ, ನೀವು ಅಷ್ಟು ದೂರದಲ್ಲಿ ಹಿಂದೆ ಬಂದಿರಿ.

ಆ ಡಾಕ್ಟರ ಶಾಪಿನಲ್ಲಿ ಜನ ಕಿಕ್ಕಿರಿದಿದ್ದರು. ನಮ್ಮ ಬೆನ್ನಿಗೇ ನಮ್ಮೂರಿನ ಸುಬ್ಬರಾಯಪ್ಪ ನಿಂತಿದ್ದ, ದಿನಾ ನಮ್ಮ ಡೈರಿಗೆ ಹಾಲು ಹಾಕುವವನು. ಡಾಕ್ಟರು ಏನಮ್ಮ ಎಂದರು. ನೀವು ಮುಖ ತಿರುಗಿಸಿದಿರಿ. ಹೊಟ್ಟೆನೋವು ಸಾರ್ ಎಂದು ನಾನು ಹೇಳಿದೆ. ಅವರು ನನ್ನನ್ನೇ ಕೇಳತೊಡಗಿದರು. ಮುಟ್ಟು ನಿಂತು ಎಷ್ಟು ವರ್ಷವಾಯಿತು, ನಿಂತ ಮೇಲೆ ರಕ್ತವೇನಾದರೂ ಹೋಗುತ್ತಿದೆಯೇ, ವಾಸನೆಯಿದೆಯೇ ಎಂದು. ನನ್ನ ಕಿವಿ ಕಾದುಹೋಯಿತು. ಸುಬ್ಬರಾಯಪ್ಪ ಕೆಮ್ಮಿದ. "ಕೇಳಿ ಹೇಳ್ರಿ ಅವರನ್ನ," ಎಂದರು ಡಾಕ್ಟರು.

ನಾನು ಕೇಳಲಿಲ್ಲ ಅತ್ತೆ. ಕೇಳದೆಯೇ "ಅಂಥದ್ದೇನೂ ಇಲ್ಲ ಸಾರ್" ಎಂದುಬಿಟ್ಟೆ. ನಿಮ್ಮ ಮೈಯ ಕಷ್ಟಕ್ಕೆ ನಾನು ಇಲ್ಲ ಎಂದೆ. ಡಾಕ್ಟರು ನಿಮ್ಮ ಕಡೆ ನೋಡಿದರು. ಸೆರಗಿನೊಳಗೆ ನಿಮ್ಮ ತಲೆ ಹೌದು ಎಂದು ಆಡಿತು. ಅಷ್ಟು ಜನರೆದುರು ಅಳಿಯನ ಮಾತು ಸುಳ್ಳಾಗಬಾರದು ಎಂದು ಹಾಗೆ ಮಾಡಿದಿರಿ. ಅದು ನನಗೆ ಆಗಲೇ ತಿಳಿಯಿತು, ತಿಳಿದೂ ಸುಮ್ಮನಾದೆ. ಕೆಂಪು ಔಷಧಿ, ಮಾತ್ರೆ ಕೊಟ್ಟರು. ದೊಡ್ಡ ಗಂಡಾಂತರ ಕಳೆದವನ ಹಾಗೆ ನಾನು ಹೋಟೆಲಿಗೆ ನುಗ್ಗಿ ಕಾಫಿ ಕುಡಿದೆ. ನಿಮಗೂ ಒಂದು ಕೊಡಿಸಬೇಕೆಂದು ಹೊಳೆಯಲಿಲ್ಲ.

ಆಮೇಲಿನದು ನಿಮಗೆ ಗೊತ್ತು. ಕಾರ್ತೀಕದಲ್ಲಿ ನಿಮ್ಮಲ್ಲಿಗೆ ಬಂದ ಶಾಮಲ ಹುಲ್ಲಿನ ಮೆದೆಯ ಹಿಂದೆ ನೀವು ಒಣಗಹಾಕಿದ್ದ ಬಟ್ಟೆ ಕಂಡಳು. ಹಟ ಹಿಡಿದು ಬಾಯಿ ಬಿಡಿಸಿದಳು. ಅವಳ ಹೆರಿಗೆಗೆ ಮುಂಚಿನಿಂದಲೂ ರಕ್ತ ಹೋಗುತ್ತಿತ್ತಂತೆ. ಹೇಳಿಕೊಂಡರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಅಂತಾರೆ. ನೀವು ಪ್ರಾಣ ಪಣಕ್ಕಿಟ್ಟು ಕಾಪಾಡಿದ ಮಾನ ನಿಮ್ಮದಲ್ಲ, ನನ್ನದು.

ಲೇಡಿ ಡಾಕ್ಟರು ನಿಮ್ಮನ್ನು ನೋಡಿ, ಒಳಗಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲ, ಅದರ ಉತ್ತರ ಕೇಳಲು ಹಬ್ಬಕ್ಕೆ ಮುಂಚೆ ಹೋಗಿದ್ದೆವು. "ಕದಿರಮ್ಮನ ಕಡೆ ಗಂಡಸರು ಯಾರಿದ್ದೀರಿ, ಒಳಗೆ ಬನ್ನಿ" ಎಂದು ನರ್ಸಮ್ಮ ಕೂಗಿದಳು. ಕಾಯಿಲೆ ನಿಮ್ಮದು, ಕರೆದದ್ದು ನನ್ನನ್ನು. ನೀವು ತಾಯಿ ಮಗಳು ಮಗು ಎತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಿರಿ. ಲೇಡಿ ಡಾಕ್ಟರು ನನಗೆ ಎಲ್ಲಾ ಬಿಡಿಸಿ ಹೇಳಿದರು, ನಿಮಗೂ ತಿಳಿಸಿ ಎಂದರು. ಮೊದಲು ತೋರಿಸಿದ ಡಾಕ್ಟರು ಇದನ್ನೆಲ್ಲ ಕೇಳಲೇ ಇಲ್ಲವೇ ಎಂದೂ ಕೇಳಿದರು. ಇಲ್ಲ ಮೇಡಂ ಎಂದೆ. ನೋಡಿ, ಅಲ್ಲೂ ತಪ್ಪನ್ನು ಪಾಪ ಆ ಡಾಕ್ಟರ ತಲೆಗೆ ಕಟ್ಟಿ ಬಂದೆ.

ಹೊರಗೆ ಬಂದಾಗ ನೀವು ಎದ್ದು ನಿಂತಿರಿ. ಸೆರಗು ಹಿಂದಕ್ಕೆ ಸರಿಸಿ, ನನ್ನ ಮುಖವನ್ನೇ ನೋಡಿ ಕೇಳಿದಿರಿ: "ಏಂ ಚೆಪ್ಪಿನಾರಪ್ಪಾ?" ಏನು ಹೇಳಿದರಪ್ಪಾ ಎಂದು. ಅಷ್ಟು ವರ್ಷದ ಕಟ್ಟನ್ನು ಮುರಿದು ಕೇಳಿದಿರಿ. ಎಷ್ಟು ಹೆದರಿದ್ದಿರಿ ಎಂದು ನಿಮ್ಮ ಕಣ್ಣಿನಲ್ಲೇ ಕಾಣುತ್ತಿತ್ತು. ನಾನು ಗೋಡೆ ನೋಡಿದೆ. ಸಣ್ಣ ಹುಣ್ಣಂತೆ, ವಾಸಿಯಾಗುತ್ತಂತೆ, ಬೆಂಗಳೂರಿಗೊಮ್ಮೆ ಹೋಗಿಬರಬೇಕಂತೆ ಎಂದು ಗೋಡೆಗೆ ಹೇಳಿದೆ. ಎಲ್ಲಿ ನಿಮ್ಮ ಮುಖ ನೋಡಿದರೆ ನಿಜ ಬಾಯಿಗೆ ಬಂದುಬಿಡುತ್ತದೋ ಎಂದು ನನಗೆ ಮರ್ಯಾದೆ ನೆನಪಾಯಿತು. ಥೂ, ನನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ!

ಈಗ ನೀವು ಹೇಳಿಕಳಿಸಿದ್ದೀರಿ: ಮಾವು ಹೂ ಬಿಟ್ಟಿದೆ, ಔಷಧಿ ಹೊಡೆಸಬೇಕು, ಸಣ್ಣ ಹುಣ್ಣಿಗೆ ಯಾರು ಬೆಂಗಳೂರಿಗೆ ಹೋಗ್ತಾರೆ, ಸುಗ್ಗಿ ಮುಗಿಸಿ ಬರ್ತೀನಿ ಎಂದು. ಸರಿಯಾದ ಮಾತೇ. ನಾನು ಹೇಳಿದ್ದನ್ನು ನಂಬಿದವರು ಇನ್ನೇನು ಹೇಳುತ್ತಾರೆ? ನಿನ್ನೆ ಡೈರಿಯಿಂದ ಬಂದವನು ಶಾಮಲಳಿಗೆ ಕಾಯಿಲೆಯ ನಿಜವನ್ನೂ ಅವತ್ತು ಶಾಪಿನಲ್ಲಿ ನಡೆದದ್ದನ್ನೂ ಹೇಳಿದೆ. ಅವಳಿಗೂ ಮುಚ್ಚಿಟ್ಟಿದ್ದೆ. ಅವಳು ಕೂಗಾಡಲಿಲ್ಲ. "ನಮ್ಮ ಹಸು ಕರು ಹಾಕಿದ್ಮೇಲೆ ಮಾಸು ಹಾಕ್ಲಿಲ್ಲ ಅಂತ ದನದ ಡಾಕ್ಟ್ರಿಗೆ ಬೀದಿಯಲ್ಲಿ ನಿಂತು ಹೇಳಿದ್ರಿ. ಬಣ್ಣ ಹೇಳಿದ್ರಿ, ವಾಸನೆ ಹೇಳಿದ್ರಿ. ನಮ್ಮಮ್ಮ ಹಸುಗಿಂತ ಕಡೆಯಾದ್ಲಾ?" ಎಂದಳು. ನೀನೇ ಹೋಗಿ ಹೇಳು ಎಂದು ನಾನು ಅಂದದ್ದಕ್ಕೆ, ಮುಚ್ಚಿದವರೇ ಬಿಚ್ಚಲಿ ಎಂದು ಪೆನ್ನು ಕೊಟ್ಟಳು.

ಅತ್ತೆ, ಅದು ಸಣ್ಣ ಹುಣ್ಣಲ್ಲ. ಕ್ಯಾನ್ಸರ್. ಗರ್ಭಕೋಶದ ಬಾಯಲ್ಲಿದೆ. ಆಪರೇಷನ್ ಈಗ ಆಗುವುದಿಲ್ಲ. ಬೆಂಗಳೂರಿನಲ್ಲಿ ಉಳಿದು, ಒಂದು ತಿಂಗಳಿಗೂ ಹೆಚ್ಚು ದಿನ ಕರೆಂಟು, ರೇಡಿಯೇಷನ್ ಅಂತಾರಂತೆ, ಅದನ್ನು ಕೊಡಿಸಿಕೊಳ್ಳಬೇಕು. ಸುಡುತ್ತದೆ, ಸುಸ್ತಾಗುತ್ತದೆ, ಊಟ ಸೇರುವುದಿಲ್ಲವಂತೆ. ಬದುಕುತ್ತಾರಾ ಎಂದು ಆ ಲೇಡಿ ಡಾಕ್ಟರನ್ನು ನಾನು ಬಾಯಿಬಿಟ್ಟು ಕೇಳಿದೆ. ಈಗಲೇ ಹೋದರೆ ದಾರಿಯಿದೆ, ಖಾತ್ರಿ ಕೊಡಲಾರೆ, ಸುಗ್ಗಿವರೆಗೆ ಬಿಟ್ಟರೆ ದಾರಿಯೂ ಇಲ್ಲ ಎಂದರು.

ಇನ್ನೊಂದು ಮಾತು ಹೇಳಿದರು. ಅದನ್ನು ಬರೆಯದೆ ಮಡಚಿಬಿಡೋಣವೆಂದು ಎರಡು ಸಲ ಎದ್ದೆ. ಶಾಮಲಳಿಗೂ ಹೇಳಿಲ್ಲ, ಈಗ ಓದುವಾಗಲೇ ಅವಳಿಗೂ ತಿಳಿಯುತ್ತದೆ. ಹೋದ ಮಾವಿನ ಸುಗ್ಗಿಯಲ್ಲೇ ಯಾರಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ, ಒಂದು ಆಪರೇಷನ್‌ನಲ್ಲಿ ಬಹುಶಃ ಮುಗಿದುಹೋಗುತ್ತಿತ್ತು ಎಂದರು.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬೆಂಗಳೂರಿಗೆ ಹೊರಡುವುದೋ ಬಿಡುವುದೋ, ಎಲ್ಲಾ ತಿಳಿದ ಮೇಲೆ ಅದು ನಿಮ್ಮ ಇಷ್ಟ. ಹೊರಡಿ ಎಂದು ಕಾಲು ಹಿಡಿದು ಕೇಳುತ್ತೇನೆ. ನನ್ನ ಜೊತೆ ಬರುವುದಿಲ್ಲ ಎಂದರೆ ಶಾಮಲ ಬರುತ್ತಾಳೆ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ಬೈಯುವುದಿದ್ದರೆ ಅವಳ ಕೈಲಿ ಹೇಳಿಸಬೇಡಿ, ನೀವೇ ಬೈಯಿರಿ.

ಕುರುಡುಮಲೆ ಗಣಪ ನಿಮಗೆ ಆಯುಸ್ಸು ಕೊಡಲಿ. ನನಗೆ ಏನು ಕೊಡಬೇಕೋ ಅವನಿಗೆ ಗೊತ್ತು.

ನಿಮ್ಮ ಪಾದ ಮುಟ್ಟಲು ಮುಖವಿಲ್ಲದ ಅಳಿಯ,
ಚನ್ನರಾಯಪ್ಪ