ಮೂರನೆಯ ಮೋರಿಯ ಮಂಗಟ್ಟೆ

ಹೊಸನಗರ
೩-೨-೧೯೬೬, ಗುರುವಾರ

ಪ್ರೀತಿಯ ವರದಾ,

ಆರೋಗ್ಯವಾಗಿದ್ದೀಯಷ್ಟೆ? ಅತ್ತೆಯವರ ಮಂಡಿನೋವು ಹೇಗಿದೆ? ಸಂಕ್ರಾಂತಿ ಮುಗಿಸಿ ತೀರ್ಥಹಳ್ಳಿ ಬಸ್ಸು ಹತ್ತುವಾಗ ಎಂಟು ದಿನ ಎಂದವಳು ನೀನು. ಎಂಟು ಈಗ ಹದಿನೆಂಟಾಗಿದೆ; ನನ್ನ ಅಡುಗೆ ಒಂದು ದಿನ ಹಸಿ, ಒಂದು ದಿನ ಮಸಿ. ಮಂಡಿಗೆ ಯಾವುದೋ ಒಳ್ಳೆಯ ಎಣ್ಣೆಗೆ ಹೇಳಿಕಳಿಸಿದ್ದೇನೆ ಎಂದು ಬರೆದಿದ್ದೀಯ. ಯಾವ ಎಣ್ಣೆ, ಯಾರಿಗೆ ಹೇಳಿದ್ದು ಎಂಬುದನ್ನು ಬರೆದಿಲ್ಲ. ಪೇಟೆಯ ಬಾಟಲಿಯಾದರೆ ಮೊದಲು ಮೂಸಿ ನೋಡು. ಈಗಿನವುಗಳಲ್ಲಿ ಮದ್ದಿಗಿಂತ ಸದ್ದು ಹೆಚ್ಚು. ಇಲ್ಲಿ ಚಳಿ ಬಲವಾಗಿದೆ. ಹಿತ್ತಿಲ ಸುರಗಿ ಬಿರಿದಿದೆ. ಪೋಣಿಸುವವರಿಲ್ಲದೆ ನೆಲದ ಮೇಲೇ ಒಣಗುತ್ತಿದೆ. ಚಳಿಗಾಲಕ್ಕೆ ತಪ್ಪದೆ ಬರುವ ಕುಂಡೆಕುಸ್ಕ ಹಕ್ಕಿ ಬಾವಿಕಟ್ಟೆಯ ಮೇಲೆ ಬಾಲ ಕುಣಿಸುತ್ತ ನಿನ್ನನ್ನು ವಿಚಾರಿಸಿಕೊಂಡು ಹೋಯಿತು.

ನಮ್ಮ ಭಾನುವಾರದ ಬಳಗ ನಿನಗೆ ಗೊತ್ತಲ್ಲ, ನೀನು ‘ಕೆಲಸವಿಲ್ಲದವರ ಕಾಡುಸಂಘ’ ಎನ್ನುತ್ತೀಯಲ್ಲ, ಅದೇ. ವಾರವಿಡೀ ಕಂಡ ಹಕ್ಕಿ, ಹೂವು, ಹುಳುಗಳನ್ನು ವಾಚನಾಲಯದ ಉದ್ದ ಪುಸ್ತಕದಲ್ಲಿ ಬರೆದು ರುಜು ಹಾಕುತ್ತೇವೆ, ಭಾನುವಾರ ಗಟ್ಟಿಯಾಗಿ ಓದುತ್ತೇವೆ, ತಿಂಗಳಿಗೊಮ್ಮೆ ಸಾಗರದ ಗೆಳೆಯರು ಬಂದು ತಮ್ಮ ಪುಸ್ತಕದೊಡನೆ ತಾಳೆ ನೋಡುತ್ತಾರೆ. ಈ ಚಳಿಗಾಲದ ದೊಡ್ಡ ಬರಹ ನನ್ನದೇ. ಊರಾಚೆಯ ತಾರೆಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿದೆ. ಹೆಣ್ಣು ಒಳಗೆ ಕೂತು, ಪೊಟರೆಯ ಬಾಯಿಗೆ ತನ್ನ ಹಿಕ್ಕೆಯನ್ನೇ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಂಡಿದೆ. ರೆಕ್ಕೆಯ ಗರಿಯನ್ನೂ ಕಳಚಿಹಾಕುತ್ತದಂತೆ, ಹಾರುವ ಮಾತೇ ಇಲ್ಲ. ಗಂಡು ಬಸರಿಹಣ್ಣು ನುಂಗಿ ತಂದು, ಒಂದೊಂದಾಗಿ ಕಕ್ಕಿ, ಸೀಳಿನೊಳಗೆ ಕೊಡುತ್ತದೆ. ನಾನೇ ಎಣಿಸಿದ್ದೇನೆ, ಒಂದು ಸರ್ತಿಗೆ ಹದಿನೇಳು. ಆ ಗಂಡು ಒಂದು ದಿನ ಬರದಿದ್ದರೆ ಒಳಗಿನವಳಿಗೆ ಉಪವಾಸ. ಬರಲೇ ಇಲ್ಲವೆಂದರೆ ಅವಳೂ ಇಲ್ಲ, ಮರಿಯೂ ಇಲ್ಲ. ಇಷ್ಟು ಕಂಡಮೇಲೆ ಗದ್ಯದಲ್ಲಿ ಬರೆಯಲು ಮನಸ್ಸಾಗಲಿಲ್ಲ. ಹೀಗೆ ಬರೆದು, ಹನ್ನೊಂದು ದಿನದ ಹಿಂದಿನ ಭಾನುವಾರ ರಾಗವಾಗಿಯೇ ಓದಿದೆ:

ಹುಲಿಕಲ್ ದಾರಿ, ಮೂರನೆ ಮೋರಿ,
ಎಡಕ್ಕೆ ತಿರುಗಿ ದಿಬ್ಬವನೇರೆ,
ಬಲಕ್ಕೆ ನಿಂತಿದೆ ಬೋಳು ತಾರೆ,
ಪೊಟರೆಯೊಳಗೆ ಮಂಗಟ್ಟೆ ನೀರೆ.

ಎಲ್ಲರೂ ಮೆಚ್ಚಿದರು. ವಾಚನಾಲಯದ ಕಸ ಗುಡಿಸುವ ಜಯಪ್ಪ, ನಿನಗೆ ಜೇನು, ಸೀಗೆ ತಂದುಕೊಡುತ್ತಾನಲ್ಲ ಅವನೇ, ಪೊರಕೆ ನಿಲ್ಲಿಸಿ ಇನ್ನೆರಡು ಸಲ ಹೇಳಿಸಿಕೊಂಡ. ಅಕ್ಷರ ಬಾರದವನಿಗೂ ಕಾವ್ಯ ತಟ್ಟಿತಲ್ಲ ಎಂದು ಹಿಗ್ಗಿದೆ.

ಹಿಗ್ಗು ಒಂದು ವಾರ ಬಾಳಿತು. ಮೊನ್ನೆ ಮಂಗಳವಾರ ನೋಡುತ್ತೇನೆ, ಪುಸ್ತಕದಲ್ಲಿ ನನ್ನ ಪುಟವೇ ಇಲ್ಲ. ಎಳೆದು ಕಿತ್ತದ್ದಲ್ಲ, ಮಡಿಸಿ, ಉಗುರಿನಿಂದ ಗೀರಿ, ನೂಲು ಹಿಡಿದ ಹಾಗೆ ಹರಿದದ್ದು. ಅಷ್ಟು ಅಚ್ಚುಕಟ್ಟಾಗಿ ಹರಿಯುವವನು ನಮ್ಮ ಬಳಗದಲ್ಲಿ ಒಬ್ಬನೇ: ಅಂಚೆಯ ನಾರಾಯಣಮೂರ್ತಿ, ಸ್ಟಾಂಪು ಹರಿದು ಹರಿದು ಕೈ ಪಳಗಿದವನು. ಎದೆ ತಡೆಯದೆ ಸಂಜೆಯೇ ಮರದ ಹತ್ತಿರ ಹೋದೆ. ಗಂಡು ಸದ್ಯ ಬರುತ್ತಿದೆ. ಆದರೆ ಎದುರಿನ ಗಿಡಗಂಟಿಯನ್ನು ಯಾರೋ ಸವರಿದ್ದಾರೆ, ಕೋವಿಗೆ ಪೊಟರೆ ನೇರ ಸಿಗುವ ಹಾಗೆ. ಮಂಗಟ್ಟೆಯ ಕೊಬ್ಬು ಕೀಲುನೋವಿಗೆ ಮದ್ದೆಂದು ನಂಬುವ ಮಂದಿ ಇನ್ನೂ ಇದ್ದಾರಲ್ಲ. ಈಗ ಎಲ್ಲ ಒಂದೊಂದೇ ನೆನಪಾಗುತ್ತಿದೆ. ವಾರದಿಂದ ನಾರಾಯಣಮೂರ್ತಿ ನನ್ನನ್ನು ಕಂಡರೆ ಸ್ಟಾಂಪು ಎಣಿಸಲು ತೊಡಗುತ್ತಾನೆ. ಮನೆಯವರು ಯಾವಾಗ ಬರುತ್ತಾರೆ ಎಂದು ಮೂರು ಸಲ ಕೇಳಿದ. ನನ್ನ ಮನೆಯವಳು ಯಾವಾಗ ಬಂದರೆ ಇವನಿಗೇನು? ನಿನ್ನೆ ಕಿಟಕಿಯಲ್ಲೇ ಹಿಡಿದು, ಪುಟ ಎಲ್ಲಿ ಎಂದೆ. ಅಲ್ಲಗಳೆಯಲಿಲ್ಲ. “ಹರಿದಿದ್ದು ನಾನೇ ಮಾರಾಯ್ರೆ. ಯಾಕೆ ಅಂತ ಕೇಳ್ಬೇಡಿ. ಅಂಚೆಯವ್ನು ಓದಿದ್ದನ್ನೆಲ್ಲ ಹೇಳಕ್ಕಾಗಲ್ಲ” ಎಂದ. ಓದಿದ್ದು ನನ್ನ ಪದ್ಯವನ್ನು ತಾನೆ? ಅದರಲ್ಲಿ ಹೇಳಲಾಗದ್ದು ಏನಿದೆ, ಛಂದಸ್ಸೊಂದನ್ನು ಬಿಟ್ಟು? ಕಳ್ಳನಿಗೊಂದು ಪಿಳ್ಳೆನೆವ. ಈ ಭಾನುವಾರ ಎಲ್ಲರೆದುರು ಅವನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಿಸುತ್ತೇನೆ. ಹದಿನಾಲ್ಕು ವರ್ಷದ ಸ್ನೇಹ, ಆಗಲಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಕಾಲು ನೆಟ್ಟಗಾಗಲಿ, ನಿನ್ನ ಕಾಲು ಇತ್ತ ತಿರುಗಲಿ.

ಹಸಿ-ಮಸಿಯ ನಡುವೆ ಇರುವ,
ನಿನ್ನ ಸುಂದರೇಶ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಜಯಪ್ಪ ಒಂದು ಕಾರ್ಡು ಹಿಡಿದುಕೊಂಡು ಬಂದ. ಹೋದ ತಿಂಗಳು ನಾರಾಯಣಮೂರ್ತಿ ಓದಿ ಹೇಳಿದ್ದನಂತೆ. ಎಷ್ಟು ಶೀಶೆ ಎಂಬುದು ಇವನಿಗೆ ಮರೆತಿದೆ, ಮತ್ತೆ ಕೇಳಿದರೆ ಅವನು ಓದಲೊಲ್ಲ. ನಾನು ಓದಿದೆ. ‘ಅಮ್ಮನ ಮಂಡಿಗೆ ಮಂಗಟ್ಟೆ ಎಣ್ಣೆ ಎರಡು ಶೀಶೆ. ನಮ್ಮ ಮನೆಯವರಿಗೆ ಹೇಳಬೇಡ.’ ‘ಳ’ಕ್ಕೆ ಅಷ್ಟುದ್ದ ಬಾಲ ಬಿಡುವವರು ನಿನ್ನನ್ನು ಬಿಟ್ಟು ಇನ್ಯಾರು ವರದಾ? ಜಯಪ್ಪ ತಲೆ ಕೆರೆದುಕೊಂಡ. “ಹೇಳ್ಬೇಡ ಅಂತನೂ ಇತ್ತಾ? ಅದೂ ಮರ್ತೋಗಿತ್ತು. ನಿಮ್ಮ ಪದ್ಯ ಮಾತ್ರ ಮರ್ತಿಲ್ಲ ಮಾಷ್ಟ್ರೆ. ದಾರಿ, ಮೋರಿ, ಎಲ್ಲ ಬಾಯಲ್ಲೇ ಅದೆ.” ಪಾಪ ನಾರಾಯಣಮೂರ್ತಿ, ಪುಟ ಹರಿದರೆ ಪದ್ಯ ಹೋದೀತು ಎಂದುಕೊಂಡಿದ್ದ. ಈ ಕಾಗದಕ್ಕೆ ಸ್ಟಾಂಪು ಕೊಳ್ಳಬೇಕಾದ್ದೂ ಅವನ ಕಿಟಕಿಯಲ್ಲೇ. ಸೋಮವಾರ ಬೆಳಿಗ್ಗೆ ಜಯಪ್ಪ ಅಣ್ಣನ ಕೋವಿ ತರುತ್ತಾನೆ. ಬೇಡವೆಂದು ನಾನು ಕೈ ಮುಗಿದರೂ, “ಅಮ್ಮೋರಿಗೆ ಮಾತು ಕೊಟ್ಟೀನಿ, ಬೇಡ ಅಂತ ಅವರೇ ಅಂದ್ರೆ ಬಿಟ್ಟೆ” ಎನ್ನುತ್ತಾನೆ. ಲಕ್ಕಿಸೊಪ್ಪು ಒಂದು ಹೊರೆ ಈ ಟಪಾಲು ಬರುವ ಬಸ್ಸಿಗೇ ಹಾಕುತ್ತೇನೆ, ಕಾಸಿ ಮಂಡಿಗೆ ಶಾಖ ಕೊಡು. ಇದು ಕೈಸೇರಿದ ಗಳಿಗೆಯಲ್ಲೇ ಜಯಪ್ಪನಿಗೆ ಕಾರ್ಡು ಹಾಕು, ಶನಿವಾರದ ಟಪಾಲಿಗೆ ಮುಟ್ಟಲೇಬೇಕು. ಹೀಗೆಂದು ಬರೆ:

ಹಣ್ಣು ತರುವವನ ಹೊಡೆಯಲೆ ಬೇಡ,
ಎಣ್ಣೆ ನಮಗೆ ಬೇಡವೆ ಬೇಡ.

ಒಂದಕ್ಷರವನ್ನೂ ಬದಲಿಸಬೇಡ. ಗದ್ಯದಲ್ಲಿ ಬರೆದರೆ ಅವನು ಮರೆಯುತ್ತಾನೆ.