ಎರಡನೇ ಬ್ರೇಕು

ಮಾರ್ಚ್ 3, ಸೋಮವಾರ

ಹೊಟ್ಟೆ ಇವತ್ತೂ ಕೈಕೊಟ್ಟಿತು. ಮೂರು ಸಲ ಕ್ರೇನಿನ ಮೇಲಿನ ನನ್ನ ಗೂಡಿನಿಂದ ಇಳಿದು ಪಾಯಿಖಾನೆಗೆ ಓಡಿದೆ. ಅಷ್ಟು ಎತ್ತರ ಇಳಿದು ಹತ್ತಲು ಪ್ರತಿ ಸಲ ಅರ್ಧ ಗಂಟೆ. ಅಷ್ಟು ಹೊತ್ತೂ ಕೆಳಗೆ ಕೆಲಸ ನಿಂತಿತ್ತು. ಸಿಗ್ನಲ್ ಕೊಡುವವನು ಅಕ್ಕನ ಮಗ. ವಾಕಿಟಾಕಿಯಲ್ಲೇ ಛೇಡಿಸಿದ — "ಮಾವ, ಕೊಕ್ಕೆಗೆ ಒಂದು ಬಕೆಟ್ ನೇತುಹಾಕಿ ಕಳಿಸ್ಲಾ?" ನಾನೂ ನಕ್ಕೆ. ಮೇಸ್ತ್ರಿ ನಗಲಿಲ್ಲ. "ಗೂಡಜ್ಜ, ನಿಮ್ಮ ಕೈಲಿ ಆಗದಿದ್ರೆ ಬೇರೆಯವ್ರನ್ನ ಕೂರಿಸ್ತೀನಿ" ಅಂದ.

ಭೇದಿ ನಿಲ್ಲಿಸುವ ಮಾತ್ರೆ ತಂದೆ.

ಮಾರ್ಚ್ 5

ಅಂಗಡಿಯವನು ಹೇಳಿದಷ್ಟು ಮಾತ್ರೆಗೆ ಹೊಟ್ಟೆ ಬಗ್ಗಲಿಲ್ಲ. ಒಂದು ಬ್ರೇಕು ಹಿಡಿಯದಿದ್ದರೆ ಎರಡನೆಯದನ್ನೂ ಹಾಕು — ಕ್ರೇನು ಕಲಿಸಿದ್ದು ಅದೇ. ಮತ್ತಷ್ಟು ನುಂಗಿದೆ. ಹಿಡಿಯಿತು. ಇಡೀ ದಿನ ಗೂಡು ಬಿಟ್ಟು ಇಳಿಯಲಿಲ್ಲ.

ಮಾರ್ಚ್ 11

ಈಗ ಹೊಟ್ಟೆ ಕೆಡದಿದ್ದರೂ ನುಂಗುತ್ತೇನೆ. ಮುಷ್ಟಿ ತುಂಬ. ಹೆದರಿಕೆಗೆ. ಮೆಡಿಕಲ್ ಶಾಪಿನವನು ಇವತ್ತು ಕೊಡಲಿಲ್ಲ. "ಯಜಮಾನ್ರೇ, ಇದೇನು ಪೆಪ್ಪರ್‌ಮಿಂಟಾ? ಅತಿಯಾದ್ರೆ ಎದೆಗೂ ಕುತ್ತು, ತಲೆಗೂ ಕುತ್ತು. ಡಾಕ್ಟ್ರ ಹತ್ರ ಹೋಗಿ." ಪಕ್ಕದ ಬೀದಿಯ ಅಂಗಡಿಗೆ ಹೋದೆ.

ತಟ್ಟೆ ಮುಂದೆ ತೂಕಡಿಸಿದೆ. ಮೂತ್ರ ಕಟ್ಟಿದೆ. ಎದೆ ತಾಳ ತಪ್ಪುತ್ತಿದೆ...

ಮಾರ್ಚ್ 12

"ಇಳಿಸು ಮಾವ" ಅಂತ ವಾಕಿಟಾಕಿಯಲ್ಲಿ ಕೇಳಿತು. ಇಳಿಸಿದೆ. ಕೊಕ್ಕೆಯಲ್ಲಿದ್ದ ಕಂಬಿಯ ಕಟ್ಟು ಕಲ್ಲು ಹೊರುವ ಇಬ್ಬರು ಹೆಂಗಸರ ತಲೆ ಮೇಲೇ ಬಂದು ನಿಂತಿತು.

"ಯಾರು ಹೇಳಿದ್ರು ಮಾವ ಇಳಿಸು ಅಂತ?"

"ನೀನೇ ಕಣೋ."

"ನಾನು ಬಾಯೇ ಬಿಟ್ಟಿಲ್ಲ."

ನನ್ನನ್ನು ಕಿತ್ತುಹಾಕಲು ಮೇಸ್ತ್ರಿ ಹೂಡಿದ ಆಟವಿರಬೇಕು. ಮನೆಗೆ ಬಂದರೆ ಬಚ್ಚಲಿನಲ್ಲೂ ಮೇಸ್ತ್ರಿಯದೇ ದನಿ. ನುಗ್ಗಿ ನೋಡಿದೆ. ಮನೆಯವಳು ಬಟ್ಟೆ ಹಿಂಡುತ್ತಿದ್ದಳು. "ಯಾರ ಜೊತೆ ಮಾತಾಡ್ತಿದ್ದೆ?" ಅಂದೆ. "ನಲ್ಲಿ ಜೊತೆ. ನಿಮಗಿಂತ ಅದೇ ವಾಸಿ, ತಿರುಗಿಸಿದ್ರೆ ನಿಲ್ಲುತ್ತೆ" ಅಂದಳು. ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಹೆದರಿದಳು ಪಾಪ. ನನಗೇ ಹೆದರಿದಳು.

ಮಾರ್ಚ್ 14, ಬೆಳಗ್ಗೆ. ಗೂಡಿನಲ್ಲಿ.

ಸ್ಲ್ಯಾಬು ಕೊಕ್ಕೆಯಲ್ಲಿದೆ. ಕೆಳಗೆ ಜನ. "ಇಳಿಸು ಮಾವ, ಇಳಿಸು" — ಅಳಿಯನದೇ ದನಿ, ಅದೇ ಅಕ್ಕರೆ. ವಾಕಿಟಾಕಿಯ ಬ್ಯಾಟರಿ ಕಿತ್ತು ಜೇಬಿಗೆ ಹಾಕಿಕೊಂಡೆ. ಆದರೂ ಹೇಳುತ್ತಲೇ ಇದೆ.

ಹಾಗಾದರೆ ಮೇಸ್ತ್ರಿಯ ಆಟವಲ್ಲ. ನನ್ನ ತಲೆಯೇ. ಆ ಮಾತ್ರೆಯೇ.

ಹಾರ್ನ್ ಒತ್ತಿದೆ, ಉದ್ದಕ್ಕೆ. ಜನ ತಲೆ ಎತ್ತಿ ನೋಡುತ್ತಾರೆ, ಸರಿಯುತ್ತಿಲ್ಲ. ಅಳಿಯ ಏಣಿ ಹತ್ತುತ್ತಿದ್ದಾನೆ. ಒಬ್ಬನಾ, ಇಬ್ಬರಾ... ಎರಡು ಕಾಣುತ್ತದೆ.

ಬಲಗೈ ತಾನಾಗಿ ಕೊಕ್ಕೆ ಇಳಿಸುವ ಲಿವರ್ ಕಡೆ ಹೋಗುತ್ತದೆ. ಅದಕ್ಕೇ ಬುತ್ತಿ ಚೀಲದಿಂದ ಡೈರಿ ತೆಗೆದೆ. ಬರೆಯುವಷ್ಟು ಹೊತ್ತು ಈ ಕೈ ಇಲ್ಲೇ ಇರುತ್ತದೆ. ಎಡಗೈ ಮೇಲೆ ಕೂತಿದ್ದೇನೆ. ಬರೆಯುತ್ತಲೇ ಇರಬೇಕು. ಏನಾದರೂ. ಶಾಲೆ ಕಂಡವನಲ್ಲ, ಅಂಗಡಿ ಬೋರ್ಡು ನೋಡಿ ಕಲಿತ ಅಕ್ಷರ. ಅ ಆ ಇ ಈ ಉ ಊ

ಬಾಗಿಲು ಬಡಿಯುತ್ತಿದೆ. "ಮಾವ, ಚಿಲಕ ತೆಗೀರಿ." ನಿಜವಾದವನೋ, ಇನ್ನೊಬ್ಬನೋ. ಚಿಲಕ ತೆಗೆಯಬೇಕಾದರೆ ಪೆನ್ನು ಬಿಡಬೇಕು. ಬಿಟ್ಟರೆ ಈ ಕೈ ಎಲ್ಲಿಗೆ ಹೋ