ನನ್ನ ಹೆಸರಿನ ಮುಂದಿನ ತಾರೀಖು

ನವೆಂಬರ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಬೈಯುವುದಾದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ನಿನ್ನ ಮಂಡಿನೋವು ಹೇಗಿದೆ?

ನಮ್ಮ ಮನೆ ಮನೆಯಾಗಿ ಉಳಿದಿಲ್ಲ. ಇವರು ಹಗಲೆಲ್ಲ ಬೂಟು ಹೊಲಿಯುತ್ತಾರೆ, ಸಂಜೆಯಾದರೆ ಅದೇ ಕೋಣೆಯಲ್ಲಿ ತೊಗಲಿನ ಚೂರು ಗುಡಿಸಿ, ಬೆಂಚು ಹಾಕಿ ಉಪದೇಶ ಮಾಡುತ್ತಾರೆ. ಮೊದಲು ಏಳು ಜನ ಬರುತ್ತಿದ್ದರು, ಈಗ ಮೆಟ್ಟಿಲ ಮೇಲೂ ಕೂರುತ್ತಾರೆ. "ಹರಿದ ಅಟ್ಟೆ ಹೊಲಿಯೋನು ಆತ್ಮ ಹೊಲಿಯೋಕೆ ಹೊರಟಿದಾನೆ" ಎಂದು ನಗುತ್ತಿದ್ದ ಪಾದ್ರಿಗಳೇ ಹೋದ ವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಮ್ಮ ಲೂಥರನ್ ಚರ್ಚಿನ ಸಭೆ ನಿದ್ದೆ ಹೋಗಿತ್ತು, ಈಗ ಎದ್ದಿದೆ ಎನ್ನುತ್ತಾರೆ ಎಲ್ಲರೂ. ನನಗೂ ಹೆಮ್ಮೆಯೇ, ಸುಳ್ಳೇಕೆ ಹೇಳಲಿ.

ನನ್ನ ಕಷ್ಟ ಬೇರೆ. ಎಚ್ಚರಗೊಂಡವರು ತಮ್ಮ ಮನಸ್ಸು ದೇವರ ಕಡೆ ತಿರುಗಿದ ದಿನವನ್ನು ಎಲ್ಲರೆದುರು ಹೇಳಬೇಕು. ಇವರು ಅದನ್ನು ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಬರೆದಿಡುತ್ತಾರೆ. ಕುಡುಕ ಕಮ್ಮಾರನಿಗೂ ಒಂದು ತಾರೀಖಿದೆ, ಉಪದೇಶಿಯ ಹೆಂಡತಿಗೆ ಇರಲಿಲ್ಲ. ಇವರು "ಇನ್ನೂ ಮಲಗಿರೋರು" ಎಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೋದ ತಿಂಗಳು ಪುಸ್ತಕ ಬಿಚ್ಚಿಟ್ಟು ಮೆಲ್ಲಗೆ ಕೇಳಿದರು, "ಇದೊಂದು ಸಾಲು ಯಾಕೆ ಖಾಲಿ ಇದೆ? ಒತ್ತಾಯ ಇಲ್ಲ ಕಣೆ. ಆದ್ರೆ ಜನ ಕೇಳ್ತಾರೆ." ಬಾಯಿಗೆ ಒಂದು ತಾರೀಖು ಬಂತು, ಹೇಳಿಬಿಟ್ಟೆ. ಬರೆದುಕೊಂಡವರು ಲೇಖನಿ ಕೆಳಗಿಟ್ಟು ಅತ್ತರು. ಈ ಭಾನುವಾರ ಪಾದ್ರಿಗಳ ಎದುರು ನಾನೇ ಎದ್ದುನಿಂತು ಅದನ್ನು ಹೇಳಬೇಕಂತೆ. ಅಡುಗೆಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೇನೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನೆಲ್ಲ ಕಾಯಲಿ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನೀನು ನನ್ನನ್ನು ಹರಸು.

ನಿನ್ನ ತಂಗಿ

ತಾ.ಕ.: ನಾನು ಹೇಳಿದ ತಾರೀಖು ಮೂರು ವರ್ಷದ ಹಿಂದಿನ ಮಾರ್ಚ್ ಒಂಬತ್ತು. ನೀನೂ ಅಂದು ಇಲ್ಲಿದ್ದೆ, ನಮ್ಮ ಮಗಳನ್ನು ಮಣ್ಣಿಗಿಟ್ಟ ದಿನ. "ಮಗೂನ ಕರ್ಕೊಂಡು ದೇವರು ತಾಯಿನ ಎಬ್ಬಿಸಿದ" ಎಂದು ಇವರು ಅತ್ತಿದ್ದು. ನಿಜ ಏನೆಂದರೆ, ಅಂದಿನಿಂದ ನಾನು ಪ್ರಾರ್ಥನೆಯನ್ನೇ ಮಾಡಿಲ್ಲ. ಎಲ್ಲರ ಜೊತೆ ತಲೆ ಬಗ್ಗಿಸಿ, ನೆಲಕ್ಕೆ ಬಿದ್ದ ಬೂಟಿನ ಮೊಳೆ ಎಣಿಸುತ್ತೇನೆ. ನಿಜ ಹೇಳಿಬಿಡೋಣವೆಂದರೆ, ಇಷ್ಟು ದಿನ ಅವಳ ಹೆಸರೆತ್ತದಿದ್ದ ಇವರು ಈಗ ದಿನಾ ಅವಳ ಮಾತಾಡುತ್ತಾರೆ. ಅವಳಿಗೆಂದು ಹೊಲಿದಿದ್ದ ಪುಟ್ಟ ಬೂಟುಗಳನ್ನು ನಿನ್ನೆ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಕಿಟಕಿಯಲ್ಲಿಟ್ಟಿದ್ದಾರೆ. ಅವನ್ನು ಮತ್ತೆ ಪೆಟ್ಟಿಗೆಗೆ ಹಾಕಿಸುವ ಮಾತು ನನ್ನ ಬಾಯಿಂದ ಹೇಗೆ ಬರಬೇಕು, ಅಕ್ಕ?